ಕ್ಯಾಪ್ಟನ್ನರ ಅರವತ್ತೊಂದನೆಯ ಹಾಳೆ

ನೆನೆಸಿದ ಅವರೆಕಾಳು ಅರ್ಧ ಪಾತ್ರೆ ಹಿಚುಕಿಯಾಗಿತ್ತು. ಮೀರಾ ಒಂದೊಂದೇ ಕಾಳನ್ನು ಬೆರಳಿನ ನಡುವೆ ಒತ್ತುತ್ತಿದ್ದಳು. ಬೇಳೆ ಹಾರಿ ಸ್ಟೀಲಿನ ಬೋಗುಣಿಗೆ ಬೀಳುತ್ತಿತ್ತು, ಒಮ್ಮೊಮ್ಮೆ ತಪ್ಪಿ ಸೋಫಾದ ಕೆಳಗೂ ಹೋಗುತ್ತಿತ್ತು. ಎದುರಿಗೆ ಕಾಲು ಚಾಚಿ ಕೂತಿದ್ದ ಅತ್ತೆ ಶಕುಂತಲಾ ಸೊಸೆಯ ಎರಡರಷ್ಟು ವೇಗದಲ್ಲಿ ಹಿಚುಕುತ್ತಿದ್ದರು. ಸಿಂಗಾಪುರದ ಸೆರಂಗೂನ್ ರೋಡಿನ ಅಂಗಡಿಗೆ ಸಂಕ್ರಾಂತಿಯ ಹೊತ್ತಿಗೆ ಮಾತ್ರ ಬರುವ ಸೊಗಡಿನ ಅವರೆ. ಮನೆಯೆಲ್ಲ ಅದರದೇ ವಾಸನೆ.

"ಇಷ್ಟೊಂದು ಯಾಕೆ ನೆನೆಸಿದೆ? ನಾಲ್ಕು ಜನಕ್ಕೆ ಇಷ್ಟು ಬೇಳೆನಾ?"

"ಐದು ಜನಕ್ಕೆ, ಅತ್ತೆ."

ಶಕುಂತಲಾರ ಕೈ ನಿಂತಿತು. "ಆ ಡಚ್ಚಪ್ಪಂಗೂನಾ?"

"ಅವರ ಬಲಗೈ ಮುರಿದಿದೆ. ಮಾರ್ಕೆಟ್ಟಲ್ಲಿ ನೀರು ಚೆಲ್ಲಿದ್ದ ಕಡೆ ಜಾರಿಬಿಟ್ರಂತೆ. ಆರು ವಾರ ಪ್ಲಾಸ್ಟರ್. ಅಡುಗೆ ಹೇಗೆ ಮಾಡ್ಕೋತಾರೆ?"

"ಕೆಳಗಿಳಿದರೆ ಹಾಕರ್ ಸೆಂಟರ್ ಇಲ್ವಾ? ಮೀನು ಮಾಂಸ ಏನು ಬೇಕಾದ್ರೂ ಸಿಗತ್ತೆ ಅವನಿಗೆ."

"ಅವರ ನಾಲ್ಕನೇ ಫ್ಲೋರಲ್ಲಿ ಲಿಫ್ಟ್ ನಿಲ್ಲಲ್ಲ ಅತ್ತೆ. ಎಂಬತ್ತನಾಲ್ಕು ವರ್ಷ ಅವರಿಗೆ."

ಶಕುಂತಲಾ ಮತ್ತೆ ಹಿಚುಕತೊಡಗಿದರು. "ನಾನು ಕಾಳು ಹಿಚುಕ್ತಿದೀನಿ. ಅಷ್ಟೇ. ನೀನು ಯಾರಿಗೆ ಬಡಿಸ್ತೀಯೋ ನಾನು ಕೇಳೂ ಇಲ್ಲ, ನೋಡೂ ಇಲ್ಲ."

ಇದು ಒಪ್ಪಿಗೆಯೆಂದು ಇಪ್ಪತ್ತು ವರ್ಷ ಅತ್ತೆಯೊಂದಿಗೆ ಬಾಳಿದ ಮೀರಾಗೆ ಗೊತ್ತಿತ್ತು. ಹನ್ನೆರಡಕ್ಕೆ ಮೂರು ಡಬ್ಬಿಯ ಕ್ಯಾರಿಯರ್‌ನಲ್ಲಿ ಅನ್ನ, ಹಿತಕಿದಬೇಳೆ ಸಾರು, ಮೊಸರು ತುಂಬಿಕೊಂಡು ಹೊರಟಳು. ಆ ಡಚ್ ಕ್ಯಾಪ್ಟನ್ ಇದ್ದದ್ದೂ ಇವರ ಟ್ಯಾಂಪಿನೀಸ್ ಬಡಾವಣೆಯಲ್ಲೇ, ಎರಡು ಬ್ಲಾಕ್ ಆಚೆ. ಲಿಫ್ಟ್ ಐದಕ್ಕೆ ನಿಲ್ಲುತ್ತಿತ್ತು. ಅಲ್ಲಿಂದ ಒಂದು ಮಹಡಿ ಮೆಟ್ಟಿಲಿಳಿಯಬೇಕು.

ಯಾನ್ ಪೋಸ್ಟ್‌ಮಾ ಡಚ್ಚರು. ವ್ಯಾಪಾರದ ಹಡಗುಗಳ ಕ್ಯಾಪ್ಟನ್ ಆಗಿದ್ದವರು. ಮೀರಾಳ ಮಾವ ರಘುನಾಥರು ಮೈಸೂರಿನಲ್ಲಿ ಮೋರ್ಸ್ ತಂತಿಭಾಷೆ ಕಲಿತು, ೧೯೫೯ರಲ್ಲಿ ಮದ್ರಾಸಿನ ಬಂದರಿನಲ್ಲಿ ಇವರ ಹಡಗು ಹತ್ತಿದ್ದರು. ರೇಡಿಯೋ ಆಫೀಸರ್ ಕೆಲಸ. ಹದಿಮೂರು ವರ್ಷ ಇಬ್ಬರೂ ಜೊತೆಗೇ ಇದ್ದರು. ಕಂಟೇನರ್ ಹಡಗುಗಳ ಕಾಲ ಬಂದಾಗ ಇಬ್ಬರೂ ಸಿಂಗಾಪುರದಲ್ಲಿ ದಡ ಹತ್ತಿದರು. ರಘುನಾಥರಿಗೆ ಬಂದರಿನ ರೇಡಿಯೋ ಸ್ಟೇಷನ್ನಿನಲ್ಲಿ ಕೆಲಸ ಕೊಡಿಸಿದವರೂ ಕ್ಯಾಪ್ಟನ್ನರೇ. ಶಕುಂತಲಾ ಎಂಟು ವರ್ಷದ ಮಗ ಅನಂತರಾಮನನ್ನು ಕರೆದುಕೊಂಡು ಬಂದಿಳಿದದ್ದು ಆಗಲೇ. ಬಂದ ಮೊದಲ ವಾರವೇ ಗಂಡನಿಗೆ ಹೇಳಿದ್ದರಂತೆ, "ಆ ಮನುಷ್ಯ ನನ್ನ ಮನೆ ಹೊಸ್ತಿಲು ದಾಟಬಾರದು."

ಮೂವತ್ತೈದು ವರ್ಷ ಅವರು ದಾಟಲಿಲ್ಲ. ರಘುನಾಥರು ಶನಿವಾರ ಬೆಳಗ್ಗೆ ಮಾರ್ಕೆಟ್ಟಿನ ಕಾಫಿ ಅಂಗಡಿಯಲ್ಲಿ ಗೆಳೆಯನನ್ನು ಭೇಟಿಯಾಗಿ, ಎರಡು ಗಂಟೆ ಕೂತು ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ ರಘುನಾಥರು ತೀರಿಕೊಂಡ ದಿನವೂ ಕ್ಯಾಪ್ಟನ್ ಶೂ ಬಿಚ್ಚಿ ಕಾರಿಡಾರಿನಲ್ಲೇ ನಿಂತಿದ್ದರು. ಯಾರೂ ಒಳಗೆ ಕರೆಯಲಿಲ್ಲ.

ಕಾರಣ ಒಂದು ಕಾಗದ. ಅದು ಶಕುಂತಲಾರ ಬೀರುವಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ, ಪ್ಲಾಸ್ಟಿಕ್ ಕವರಿನಲ್ಲಿತ್ತು.

*

"ಥ್ಯಾಂಕ್ ಯೂ, ಮೀರಾ," ಎಂದರು ಕ್ಯಾಪ್ಟನ್, ಎಡಗೈಯಲ್ಲಿ ಚಮಚ ಹಿಡಿದು. "ಸಾರು. ಬೇಕು, ಬೇಕು." ಅವರಿಗೆ ಬರುತ್ತಿದ್ದ ಕನ್ನಡ ಹತ್ತು ಪದ, ಎಲ್ಲವೂ ರಘುನಾಥರು ಕಲಿಸಿದ್ದು, ಹೆಚ್ಚೂಕಡಿಮೆ ಎಲ್ಲವೂ ಊಟಕ್ಕೆ ಸಂಬಂಧಿಸಿದ್ದು.

ಅವರು ಮಾರ್ಚ್ ಕೊನೆಗೆ ಪರ್ತ್‌ನಲ್ಲಿರುವ ಮಗಳ ಮನೆಗೆ ಹೋಗಿಬಿಡುವವರಿದ್ದರು. ಹೆಂಡತಿ ರೋಸಿ ತೀರಿಕೊಂಡು ಆರು ವರ್ಷವಾಗಿತ್ತು. ಈಗ ಕೈಯೂ ಮುರಿದ ಮೇಲೆ ಮಗಳು ಕೇಳಲಿಲ್ಲ. ಹೋಗುವುದರೊಳಗೆ ಒಂದು ಕೆಲಸ ಬಾಕಿಯಿತ್ತು. ಮೊಮ್ಮಕ್ಕಳಿಗೆಂದು ತಮ್ಮ ಹಡಗಿನ ಬದುಕನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ನೂರ ನಲವತ್ತು ಹಾಳೆ, ಬಿಸ್ಕತ್ತಿನ ಡಬ್ಬಿಯಲ್ಲಿ. ಅದನ್ನು ಟೈಪ್ ಮಾಡಬೇಕು.

"ನಾನು ಮಾಡ್ಕೊಡ್ತೀನಿ," ಎಂದಿದ್ದಳು ಮೀರಾ. ಲೈಬ್ರರಿಯ ಕೆಲಸ ಬಿಟ್ಟು ವರ್ಷವಾಗಿತ್ತು. ಮಧ್ಯಾಹ್ನಗಳು ಉದ್ದವಾಗಿದ್ದವು.

ಹಾಳೆಗಳಲ್ಲಿ ಅಲ್ಲಲ್ಲಿ ತಪ್ಪಾದ ಪದದ ಮೇಲೆ ನೇರವಾಗಿ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಪುಟ್ಟದಾಗಿ ಅವರ ಹೆಸರಿನ ಮೊದಲಕ್ಷರಗಳಿದ್ದವು. ಒಂದು ಪದಕ್ಕೆ ಸಹಿ ಯಾಕೆಂದು ಅವಳು ಕೇಳಿದಳು.

"ಹಡಗಿನ ಲಾಗ್ ಬುಕ್ಕಿನ ನಿಯಮ. ರಬ್ಬರ್ ಮುಟ್ಟುವ ಹಾಗಿಲ್ಲ, ಹಾಳೆ ಹರಿಯುವ ಹಾಗಿಲ್ಲ. ತಪ್ಪಿದ್ದರೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರಬೇಕು. ಗೆರೆ ಎಳೆದವನು ತಾನು ಯಾರೆಂದು ಬರೆಯಬೇಕು. ನನ್ನ ಹಡಗಿನಲ್ಲಿ ಒಬ್ಬ ಹುಡುಗ ರಬ್ಬರಿನಿಂದ ಉಜ್ಜಿದ್ದ. ನಿನ್ನ ಮಾವ, ಸ್ಪಾರ್ಕ್ಸ್, ಆ ರಬ್ಬರನ್ನು ಸಮುದ್ರಕ್ಕೆ ಎಸೆದುಬಿಟ್ಟ." ರೇಡಿಯೋ ಆಫೀಸರರನ್ನು ಹಡಗಿನಲ್ಲಿ ಹಾಗೇ ಕರೆಯುವುದಂತೆ. ಕ್ಯಾಪ್ಟನ್ನರ ಬಾಯಲ್ಲಿ ರಘುನಾಥರು ಎಂದೂ ರಘುನಾಥರಾಗಿರಲಿಲ್ಲ.

*

ಫೆಬ್ರವರಿ ಪೂರ್ತಿ ಹಾಗೇ ನಡೆಯಿತು. ಬೆಳಗ್ಗೆ ಅಡುಗೆ, ಹನ್ನೆರಡಕ್ಕೆ ಕ್ಯಾರಿಯರ್, ಮಧ್ಯಾಹ್ನ ಹಾಲಿನ ಮೂಲೆಯ ಕಂಪ್ಯೂಟರಿನಲ್ಲಿ ಎರಡೋ ಮೂರೋ ಹಾಳೆ. ರಾತ್ರಿ ಊಟಕ್ಕೆ ಕೂತಾಗ ಮಗಳು ಪ್ರಣತಿ, ಹದಿನಾರು ವರ್ಷದವಳು, ಸಿಂಗಾಪುರದವರ ಹಾಗೆ ಮಾತಿನ ಕೊನೆಗೆ 'ಲಾ' ಸೇರಿಸುವವಳು, ಚಪಾತಿ ಮುರಿಯುತ್ತ ಕೇಳುವಳು, "ಅಮ್ಮ, ಇವತ್ತು ಶಿಪ್ ಎಲ್ಲಿಗೆ ರೀಚ್ ಆಯ್ತು?"

ಮೀರಾ ಹೇಳುವಳು. ಡೆಲ್ಫ್‌ಜೈಲ್ ಎಂಬ ಸಣ್ಣ ಬಂದರೂರಿನ ಹುಡುಗ ಹದಿನೆಂಟಕ್ಕೆ ಹಡಗು ಹತ್ತಿದ್ದು, ಅವನು ಕಡಲಲ್ಲಿರುವಾಗಲೇ ಜರ್ಮನರು ಊರು ಹಿಡಿದದ್ದು, ಐದು ವರ್ಷ ಮನೆಯಿಂದ ಒಂದು ಕಾಗದವಿಲ್ಲ. ಯುದ್ಧ ಮುಗಿದು ಹೋದರೆ ಅಪ್ಪ ಇರಲಿಲ್ಲ, ಬೀದಿಯೂ ಇರಲಿಲ್ಲ. ಮತ್ತೆ ಹಡಗು. ಇಂಡೋನೇಷ್ಯಾದಲ್ಲಿ, ಬಟಾವಿಯಾದ ಕಡೆ ದ್ವೀಪದಿಂದ ದ್ವೀಪಕ್ಕೆ ಕೊಬ್ಬರಿ, ಮೆಣಸು, ಎಮ್ಮೆ ಸಾಗಿಸುವ ಕೆಲಸ. ಮೂವತ್ತನಾಲ್ಕಕ್ಕೆ ಕ್ಯಾಪ್ಟನ್. ಮರುವರ್ಷವೇ ಇಂಡೋನೇಷ್ಯಾದವರು ಡಚ್ ಹಡಗುಗಳನ್ನೆಲ್ಲ ತಡೆಹಿಡಿದರು. ಇವರು ಒಂದು ಸೂಟ್‌ಕೇಸ್ ಹಿಡಿದು ಸಿಂಗಾಪುರಕ್ಕೆ ಬಂದರು. ಕಂಪನಿ ಇಲ್ಲಿಂದ ಇನ್ನೊಂದು ಹಡಗು ಕೊಟ್ಟಿತು, ಹೆಸರು ಮಾರಿಕೆ.

"ಹೆಸರೇ ಮಾರಿ," ಎಂದರು ಶಕುಂತಲಾ. "ಅದನ್ನು ಹತ್ತಿದೋರು ಮನೆ ಕಡೆ ತಿರುಗಿ ನೋಡ್ತಾರಾ?"

"ಅಜ್ಜಿ, ನೀವು ಕೇಳಿಸ್ಕೋತಿಲ್ಲ ಅಂದ್ರಿ!"

"ಟಿವಿ ಸೌಂಡ್ ಕಮ್ಮಿ ಇತ್ತು. ಕಿವಿಗೆ ಬಿತ್ತು."

"ಎಮ್ಮೆಗಳು ಸೀಸಿಕ್ ಆಗ್ತಿದ್ವಂತೆ ಅಜ್ಜಿ. ಕ್ಯಾಪ್ಟನ್ನೇ ಬಕೆಟಲ್ಲಿ ನೀರು ಕುಡಿಸ್ತಿದ್ರಂತೆ. ಸೋ ಸ್ವೀಟ್ ಲಾ."

"ಎಮ್ಮೆಗೆ ನೀರು ಕುಡಿಸಿದ. ಮನುಷ್ಯನಿಗೆ ರಜಾ ಕೊಡಲಿಲ್ಲ."

"ಫಾರ್ಟಿ ಇಯರ್ಸ್ ಆಯ್ತಲ್ಲ ಅಜ್ಜಿ. ಬಿಟ್ಬಿಡಿ ಲಾ. ಹೀ ಈಸ್ ಸೋ ಓಲ್ಡ್."

ಶಕುಂತಲಾ ತಟ್ಟೆ ಸರಿಸಿ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇತ್ತು. "ಓದು. ಗಟ್ಟಿಯಾಗಿ ಓದು."

ಕಂಪನಿಯ ಕಾಗದ, ೧೯೬೪ರ ಆಗಸ್ಟ್. ಪ್ರಣತಿ ಓದಿದಳು. ನಿಮ್ಮ ಮನೆಯ ಪರಿಸ್ಥಿತಿಗೆ ವಿಷಾದವಿದೆ, ಆದರೆ ಬದಲಿ ರೇಡಿಯೋ ಆಫೀಸರ್ ದೊರೆಯದ ಕಾರಣ ಶ್ರೀ ರಘುನಾಥರನ್ನು ಈಗ ಬಿಡುಗಡೆ ಮಾಡಲಾಗದು ಎಂದು ನಾಲ್ಕು ಸಾಲು. ಕೆಳಗೆ ಕ್ಯಾಪ್ಟನ್ ಪೋಸ್ಟ್‌ಮಾ ಸಹಿ.

"ನಿಮ್ಮಪ್ಪ ಹುಟ್ಟಿ ಒಂಬತ್ತು ದಿನ. ನನಗೆ ನಂಜಾಗಿ ಜ್ವರ, ಮೈಮೇಲೆ ಪ್ರಜ್ಞೆ ಇಲ್ಲ. ಟೆಲಿಗ್ರಾಂ ಕೊಟ್ರು ನಮ್ಮಪ್ಪ. ಬಂದಿದ್ದು ಇದು. ಅವರು ಬರಬೇಕು ಅಂತ ಎಷ್ಟು ಒದ್ದಾಡಿರ್ತಾರೆ ಹೇಳು. ಈ ಮನುಷ್ಯ ಬಿಡಲಿಲ್ಲ."

ಪ್ರಣತಿ ಕಾಗದವನ್ನು ಕವರಿಗೆ ಹಾಕಿ ಮೆಲ್ಲಗೆ ಕೊಟ್ಟಳು. ಅನಂತರಾಮ್ ಬ್ಯಾಂಕಿನಿಂದ ತಡವಾಗಿ ಬಂದವನು ಸಾರು ಕಲಸುತ್ತಿದ್ದ. ಹೊಸ ಕಾಂಡೋ ಫ್ಲ್ಯಾಟುಗಳ ಬೆಲೆ ವಾರವಾರ ಏರುವ ಕಾಲ. ಅವನ ಸೆಕ್ಷನ್ನಿನಲ್ಲಿ ಲೋನಿನ ಫೈಲುಗಳು ಮೇಜು ದಾಟಿ ನೆಲಕ್ಕಿಳಿದಿದ್ದವು.

"ಅಪ್ಪ ನನ್ನ ಫಸ್ಟ್ ಟೈಮ್ ನೋಡಿದಾಗ ನಾನು ನಡೀತಿದ್ದೆ," ಎಂದ ಅವನು, ತಟ್ಟೆಯಿಂದ ತಲೆಯೆತ್ತದೆ. "ಅವರನ್ನು ನೋಡಿ ಅತ್ತುಬಿಟ್ಟಿದ್ದೆನಂತೆ. ಮೀರಾ, ಊಟ ಕೊಡು, ಬೇಡ ಅನ್ನಲ್ಲ. ಆದ್ರೆ ನನ್ನನ್ನ ಅವರ ಮನೆಗೆ ಬಾ ಅಂತ ಕರೀಬೇಡ."

*

ಮಾರ್ಚ್ ಮೊದಲ ವಾರ ಮೀರಾ ಅರವತ್ತೊಂದನೆಯ ಹಾಳೆಗೆ ಬಂದಳು.

ಮೇಲೆ ಸಿಂಗಾಪುರ, ಆಗಸ್ಟ್ ೧೯೬೪ ಎಂದಿತ್ತು. ಅವಳು ಟೈಪ್ ಮಾಡುವ ಮುಂಚೆ ಒಮ್ಮೆ ಓದಿಕೊಳ್ಳುತ್ತಿದ್ದಳು. ಓದಿದಳು. ಎದ್ದು ಹೋಗಿ ಬಾಲ್ಕನಿಯ ಬಟ್ಟೆಗಳನ್ನೆಲ್ಲ ಮಡಚಿಟ್ಟು ಬಂದು ಮತ್ತೆ ಓದಿದಳು.

ಟೆಲಿಗ್ರಾಂ ಬಂದ ಸಂಜೆಯೇ ಕ್ಯಾಪ್ಟನ್ ಏಜೆಂಟರ ಆಫೀಸಿಗೆ ಹೋಗಿ ಬದಲಿ ಆಪರೇಟರನನ್ನು ಹುಡುಕಿ ಗೊತ್ತುಮಾಡಿದ್ದರು. ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿದ್ದರು. ಮದ್ರಾಸಿಗೆ ಹೋಗುವ ಹಡಗಿನಲ್ಲಿ ಜಾಗವನ್ನೂ ಹಿಡಿದಿದ್ದರು. ಬೆಳಗ್ಗೆ ಸ್ಪಾರ್ಕ್ಸ್ ಚೀಲ ತೆಗೆದುಕೊಂಡು ಹಡಗಿನ ಇಳಿಮೆಟ್ಟಿಲ ತನಕ ಬಂದ. ಅಲ್ಲೇ ಚೀಲದ ಮೇಲೆ ಕೂತ. ಒಂದು ಗಂಟೆ ಕೂತ. ಮಗುವಿನ ಹಾಗೆ ಅತ್ತ. ಆಮೇಲೆ ವಾಪಸು ಬಂದು ಹೇಳಿದ: ಈಗ ಹೋದರೆ ಮನೆಯವರು ನನ್ನನ್ನು ಮತ್ತೆ ಸಮುದ್ರಕ್ಕೆ ಬಿಡುವುದಿಲ್ಲ, ಕ್ಯಾಪ್ಟನ್. ತಾಲ್ಲೂಕು ಕಚೇರಿಯ ಒಂದು ಕುರ್ಚಿ ನನಗಾಗಿ ಕಾಯುತ್ತಿದೆ. ನೀವೇ ಬಿಡಲಿಲ್ಲವೆಂದು ಒಂದು ಕಾಗದ ಬರೆದುಕೊಡಿ.

ಕೊನೆಯಲ್ಲಿ ಕ್ಯಾಪ್ಟನ್ ಬರೆದಿದ್ದರು: ಬೇಡವೆಂದು ಎರಡು ಸಲ ಹೇಳಿದೆ. ಮೂರನೆಯ ಸಲ ಬರೆದುಕೊಟ್ಟೆ. ನನ್ನ ವೃತ್ತಿಯಲ್ಲಿ ನಾನು ಸಹಿ ಹಾಕಿದ ಸುಳ್ಳು ಅದೊಂದೇ.

ಅವತ್ತು ಅವಳು ಟೈಪ್ ಮಾಡಲಿಲ್ಲ. ಮರುದಿನವೂ ಇಲ್ಲ. ಒಳಗಿನ ಕೋಣೆಯಲ್ಲಿ ಮಲಗಿದ್ದ ಅತ್ತೆಯನ್ನು ನೋಡಿದರೆ, ಆ ಮುಖದಲ್ಲಿ ಇಪ್ಪತ್ತರ ಹುಡುಗಿಯೊಬ್ಬಳು ಕಾಣುತ್ತಿದ್ದಳು, ಬಾಣಂತಿ ಕೋಣೆಯ ಕತ್ತಲಲ್ಲಿ ಆ ನಾಲ್ಕು ಸಾಲನ್ನು ಯಾರಿಂದಲೋ ಓದಿಸಿಕೊಳ್ಳುತ್ತಿದ್ದವಳು. ಬರಲಾಗದ ಗಂಡನ ಹೆಂಡತಿಯಾಗಿ ನಲವತ್ತಮೂರು ವರ್ಷ ಬದುಕಿದವರು. ಈಗ ಬರದೇ ಉಳಿದ ಗಂಡನ ಹೆಂಡತಿಯಾಗಿ ಇನ್ನೆಷ್ಟು ವರ್ಷ ಬದುಕಬೇಕು? ಆದರೆ ಕಾರಿಡಾರಿನಲ್ಲಿ ಶೂ ಬಿಚ್ಚಿ ನಿಂತಿದ್ದ ಆ ಮುದುಕರು?

ಮೂರನೆಯ ದಿನ ಸೊಪ್ಪು ಸೋಸುತ್ತ ಶಕುಂತಲಾ ಕೇಳಿದರು. "ಯಾಕೆ ಕಂಪ್ಯೂಟರ್ ಸದ್ದೇ ಇಲ್ಲ? ಹಡಗು ಎಲ್ಲಿ ನಿಂತ್ಹೋಯ್ತು?"

"ಕೈ ನೋವು, ಅತ್ತೆ."

"ಅರವತ್ತನಾಲ್ಕನೇ ಇಸವಿಗೆ ಬಂದ್ಯಾ?"

ಮೀರಾ ಕೊತ್ತಂಬರಿಯ ಬೇರು ಕತ್ತರಿಸಿದಳು. "ಬರ್ತಾ ಇದೆ. ಇನ್ನೂ ಓದಿಲ್ಲ."

"ಓದಬೇಡ. ಬರೆದಿದ್ದು ಏನಾದ್ರೂ ಇರಲಿ. ಯುಗಾದಿಗೆ ಅವನನ್ನ ಊಟಕ್ಕೆ ಕರಿ."

ಚಾಕು ನಿಂತಿತು. "ಮನೆಗಾ?"

"ಇನ್ನೆಲ್ಲಿಗೆ, ಬ್ಲಾಕಿನ ಕೆಳಗಿರೋ ವಾಯ್ಡ್ ಡೆಕ್ಕಿಗಾ? ಊರು ಬಿಟ್ಟು ಹೋಗ್ತಿದಾನೆ. ಆಮೇಲೆ ನಾನಿರ್ತೀನೋ ಅವನಿರ್ತಾನೋ. ನಾನು ಬಾಯಿಬಿಟ್ಟು ಕೇಳಬೇಕು. ನನಗೆ ಅವನ ಇಂಗ್ಲಿಷ್ ತಿಳಿಯಲ್ಲ. ನೀನೇ ಹೇಳಬೇಕು ಎರಡೂ ಕಡೆಯಿಂದ."

*

ಕ್ಯಾಪ್ಟನ್ನರ ಪ್ಲಾಸ್ಟರ್ ಬಿಚ್ಚಿದ್ದರು. ಕೈ ಸಣಕಲಾಗಿ ಬಿಳುಚಿತ್ತು. ಮೀರಾ ಕ್ಯಾರಿಯರ್ ಬಿಚ್ಚುತ್ತ ಯುಗಾದಿಯ ವಿಷಯ ಹೇಳಿದಳು. "ಅತ್ತೆ ನಿಮ್ಮನ್ನು ಏನೋ ಕೇಳಬೇಕಂತೆ."

"ಎಷ್ಟನೇ ಹಾಳೆಗೆ ಬಂದೆ?"

"ಅರವತ್ತೊಂದು."

ಅವರು ತಲೆಯಾಡಿಸಿದರು. ಮೊಸರನ್ನ ಮುಗಿಸಿದರು.

"ಅದನ್ನು ಏನು ಮಾಡಲಿ, ಕ್ಯಾಪ್ಟನ್?"

"ನಾನು ಬರೆಯಬೇಕಿತ್ತು, ಬರೆದೆ. ಇಲ್ಲದಿದ್ದರೆ ಉಳಿದದ್ದೂ ಸುಳ್ಳಾಗುತ್ತಿತ್ತು. ಡಬ್ಬಿ ನಿನ್ನ ಕೈಗೆ ಕೊಟ್ಟ ಮೇಲೆ ಈ ಪಾಳಿಯ ಕಾವಲು ನಿನ್ನದು. ಪಾಳಿಯಲ್ಲಿರುವವರನ್ನು ಹಿಂದೆ ನಿಂತು ನಡೆಸುವ ಕ್ಯಾಪ್ಟನ್ ಒಳ್ಳೆಯವನಲ್ಲ." ಖಾಲಿ ತಟ್ಟೆ ಸರಿಸಿ ಕೇಳಿದರು, "ಟೈ ಕಟ್ಟಿಕೊಂಡು ಬರಬೇಕಾ?"

*

ಟೈ ಕಟ್ಟಿಕೊಂಡೇ ಬಂದರು, ನೀಲಿಯದು. ಕರೆತಂದವನು ಅನಂತರಾಮ್. ಅಮ್ಮ ಬೆಳಗ್ಗೆ ಎಣ್ಣೆ ಒತ್ತುವಾಗಲೇ ಅಪ್ಪಣೆ ಮಾಡಿದ್ದರು, "ವಯಸ್ಸಾದೋರು, ಐದನೇ ಫ್ಲೋರಿಗೆ ಮೆಟ್ಟಿಲು ಹತ್ತಬೇಕು, ಹೋಗಿ ಕೈ ಹಿಡ್ಕೊಂಡು ಬಾ." ಈ ಸಲ 'ಅವನು' ಎನ್ನಲಿಲ್ಲವೆಂಬುದನ್ನು ಮನೆಯವರೆಲ್ಲ ಗಮನಿಸಿದರು.

ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ಕ್ಯಾಪ್ಟನ್ ಶೂ ಬಿಚ್ಚಿ, ಹೊಸ್ತಿಲ ಹೊರಗೆ ನಿಂತರು. ಅಭ್ಯಾಸ.

"ಬನ್ನಿ," ಎಂದರು ಶಕುಂತಲಾ.

ಅದು ಕ್ಯಾಪ್ಟನ್ನರ ಹತ್ತು ಪದಗಳಲ್ಲಿ ಒಂದಾಗಿತ್ತು. ದಾಟಿದರು.

ಬೇವುಬೆಲ್ಲ ಕೊಟ್ಟಾಗ ಮುಖ ಸಿಂಡರಿಸಲಿಲ್ಲ. "ಅಜ್ಜಿ, ನೋಡಿ, ನಾನೂ ಇಷ್ಟು ನೀಟಾಗಿ ತಿನ್ನಲ್ಲ," ಎಂದಳು ಪ್ರಣತಿ. ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಕಟ್ಟಿನ ಸಾರು. ಶಕುಂತಲಾ ಯಾರಿಗೂ ಸೌಟು ಬಿಡದೆ ತಾವೇ ಬಡಿಸಿದರು. ಹೋಳಿಗೆಯ ಮೇಲೆ ತುಪ್ಪ ಹಾಕಿ, ಎದುರಿನ ಕುರ್ಚಿ ಎಳೆದು ಕೂತರು.

"ಕೇಳು ಮೀರಾ. ಅವತ್ತು ನಮ್ಮೋರನ್ನ ಯಾಕೆ ಬಿಡಲಿಲ್ಲ ಅಂತ ಕೇಳು."

ಅನಂತರಾಮನ ಕೈ ಎಲೆಯ ಮೇಲೇ ಉಳಿಯಿತು. ಮೀರಾ ಇಂಗ್ಲಿಷಿನಲ್ಲಿ ಕೇಳಿದಳು. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು.

ಕ್ಯಾಪ್ಟನ್ ಅವಳನ್ನು ನೋಡಲಿಲ್ಲ. ಶಕುಂತಲಾರನ್ನೇ ನೋಡುತ್ತ, ಮೆಲ್ಲಗೆ, ಒಂದೊಂದು ಪದವೂ ಕೇಳುವಂತೆ ಹೇಳಿದರು. ಹಡಗು ರೇಡಿಯೋ ಆಫೀಸರ್ ಇಲ್ಲದೆ ಹೊರಡುವಂತಿರಲಿಲ್ಲ. ಬದಲಿ ಸಿಗಲಿಲ್ಲ. ತೀರ್ಮಾನ ಕ್ಯಾಪ್ಟನ್ನನದು, ಅಂದರೆ ನನ್ನದು. ಅದರಿಂದ ನಿಮಗಾದ ನೋವಿಗೆ ನಾನು ಕ್ಷಮೆ ಕೇಳುತ್ತೇನೆ. ಮೊದಲೇ ಕೇಳಬೇಕಿತ್ತು.

ಮೀರಾ ಒಂದು ಪದ ಕೂಡಿಸಲಿಲ್ಲ, ಒಂದು ಕಳೆಯಲಿಲ್ಲ. ಹಾಗೇ ಕನ್ನಡದಲ್ಲಿ ಹೇಳಿದಳು.

ಶಕುಂತಲಾ ಸೆರಗಿನಿಂದ ತುಟಿ ಒರೆಸಿಕೊಂಡರು. "ಇನ್ನೊಂದು ಕೇಳು. ಅವರು ಬರಬೇಕು ಅಂತ ಅತ್ರಾ?"

ಅದನ್ನೂ ಕೇಳಿದಳು.

"ಅತ್ತ," ಎಂದರು ಕ್ಯಾಪ್ಟನ್. "ಇಳಿಮೆಟ್ಟಿಲ ಹತ್ತಿರ, ಚೀಲದ ಮೇಲೆ ಕೂತು. ಒಂದು ಗಂಟೆ. ನಾನು ಕಣ್ಣಾರೆ ನೋಡಿದೆ."

"ಅತ್ತರಂತೆ ಅತ್ತೆ. ಒಂದು ಗಂಟೆ."

ಶಕುಂತಲಾ ತಲೆಯಾಡಿಸಿದರು. ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಹಬ್ಬದ ಬೆಳಗಿನ ಎಣ್ಣೆನೀರಿನ ಕಳೆ. "ನನಗೊತ್ತಿತ್ತು," ಎಂದರು. "ನನಗೊತ್ತಿತ್ತು ಕಣೇ." ಎದ್ದು ಹೋಳಿಗೆಯ ತಟ್ಟೆ ತಂದರು. "ಅವರೂ ಏನು ಮಾಡ್ತಾರೆ ಪಾಪ, ಹಡಗು ನಡೀಬೇಕಲ್ಲ. ಇನ್ನೊಂದು ಹಾಕ್ಕೊಳ್ಳಿ."

"ಸಾಕು, ಸಾಕು," ಎಂದರು ಕ್ಯಾಪ್ಟನ್.

"ಸಾಕು ಅಂದ್ರೆ ನಮ್ಮನೇಲಿ ಬೇಕು ಅಂತ," ಎಂದು ಹಾಕಿಯೇಬಿಟ್ಟರು.

ಅನಂತರಾಮ್ ಕ್ಯಾಪ್ಟನ್ನರ ಕಡೆ ತುಪ್ಪದ ಗಿಂಡಿ ಸರಿಸಿದ. ಆಮೇಲೆ ಕೇಳಿದ, ಇಂಗ್ಲಿಷಿನಲ್ಲಿ, ಹುಡುಗನ ಹಾಗೆ, "ಅಪ್ಪ ಕಡಲ ಮೇಲೆ ಏನು ತಿಂತಿದ್ರು?"

"ನಿಮ್ಮಪ್ಪನಿಗೆ ಅಡುಗೆಯವನ ಹತ್ತಿರ ಬೇರೆ ಬಾಣಲೆ ಇಡಿಸಿದ್ದೆ. ಅದಕ್ಕೆ ಮೀನು ಮುಟ್ಟಿಸಿದರೆ ಅಡುಗೆಯವನನ್ನೇ ಕಡಲಿಗೆ ಎಸೆಯುತ್ತೇನೆ ಅಂದಿದ್ದೆ."

ಮೀರಾ ಕನ್ನಡದಲ್ಲಿ ಹೇಳುವ ಮುಂಚೆಯೇ ಪ್ರಣತಿ ನಕ್ಕಳು, ಅವಳು ನಕ್ಕದ್ದು ಕಂಡು ಶಕುಂತಲಾ ನಕ್ಕರು.

*

ಮೂರು ಗಂಟೆಗೆ ಕ್ಯಾಪ್ಟನ್ನರನ್ನು ಅನಂತರಾಮನೇ ಬಿಟ್ಟು ಬರಲು ಹೋದ. ಹೋದವನು ಬೇಗ ಬರಲಿಲ್ಲ. ಪ್ರಣತಿ ಸೋಫಾದಲ್ಲೇ ನಿದ್ದೆ ಹೋಗಿದ್ದಳು. ಶಕುಂತಲಾ ಒಳಗೆ ಮಲಗಿದ್ದರು.

ಮೀರಾ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಬಿಸ್ಕತ್ತಿನ ಡಬ್ಬಿ ತೆಗೆದಳು. ಟೈಪ್ ಆದ ಮೇಲೆ ಒಂದು ಪ್ರತಿ ಪರ್ತ್‌ಗೆ, ಒಂದು ಪ್ರತಿ ಈ ಮನೆಗೆ. ಪ್ರಣತಿ ಅಜ್ಜಿಗೆ ಓದಿ ಹೇಳುತ್ತೇನೆಂದು ಮಾತು ಕೊಟ್ಟಾಗಿತ್ತು.

ಅರವತ್ತೊಂದನೆಯ ಹಾಳೆಯನ್ನು ಮುಂದಿಟ್ಟುಕೊಂಡು ಅವಳು ಬಹಳ ಹೊತ್ತು ಕೂರಲಿಲ್ಲ. ಪ್ರಣತಿಯ ಪೆನ್ಸಿಲ್ ತೆಗೆದುಕೊಂಡಳು. ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ, ಅಳತೆಪಟ್ಟಿ ಇಟ್ಟು, ತೆಳ್ಳಗೆ ಒಂದೇ ಗೆರೆ ಎಳೆದಳು. ಕೆಳಗಿನ ಪ್ರತಿ ಪದವೂ ಓದಲು ಬರುತ್ತಿತ್ತು. ಪಕ್ಕದಲ್ಲಿ ಪುಟ್ಟದಾಗಿ 'ಮೀ' ಎಂದು ಬರೆದು ತಾರೀಖು ಹಾಕಿದಳು. ಹಾಳೆಯನ್ನು ಅರವತ್ತು ಮತ್ತು ಅರವತ್ತೆರಡರ ನಡುವೆ, ಅದರ ಜಾಗದಲ್ಲೇ, ಡಬ್ಬಿಗೆ ಸೇರಿಸಿದಳು.

ಆಮೇಲೆ ಕಂಪ್ಯೂಟರ್ ಹಾಕಿ, ಅರವತ್ತರ ಬೆನ್ನಿಗೇ ಅರವತ್ತೆರಡರ ಮೊದಲ ಸಾಲು ಟೈಪ್ ಮಾಡಿದಳು. ಬೆಳಗಿನ ಜಾವ ಸಿಂಗಾಪುರ ಬಿಟ್ಟೆವು. ಗಾಳಿ ಕಡಿಮೆ, ಕಡಲು ಶಾಂತ.

ಒಳಗಿನಿಂದ ನಿದ್ದೆ ಬೆರೆತ ದನಿ ಬಂತು. "ಹಡಗು ಹೊರಡ್ತಾ, ಮೀರಾ?"

"ಹೊರಡ್ತು, ಅತ್ತೆ. ಮಲಕ್ಕೊಳ್ಳಿ."